ಬೇಸ್ ಗಿಟಾರ್ ಕೊಳ್ಳುವಾಗ ಫಿಂಗರ್‌ಬೋರ್ಡ್ ಮರ ಆರಿಸುವುದು ಹೇಗೆ?

ಮಾಡೆಲ್ ಗೊತ್ತಾಗಿದೆ, ಬಣ್ಣ ಗೊತ್ತಾಗಿದೆ, ದುಡ್ಡೂ ಹೊಂದಿಸಿಕೊಂಡಾಗಿದೆ. ಆದರೆ ಅದೇ ಬೇಸ್ ಮೇಪಲ್ ಫಿಂಗರ್‌ಬೋರ್ಡ್‌ನಲ್ಲೂ (ತಂತಿಯ ಕೆಳಗೆ, ಬೆರಳು ಒತ್ತುವ ಕಡೆ ಇರುವ ಹಲಗೆ) ಸಿಗುತ್ತದೆ, ರೋಸ್‌ವುಡ್‌ನಲ್ಲೂ ಸಿಗುತ್ತದೆ. ಯಾವುದನ್ನು ತೆಗೆದುಕೊಳ್ಳುವುದು? ನುಡಿಸುವವರನ್ನು ಕೇಳಿದರೆ ಹೆಚ್ಚಿನವರದು ಒಂದೇ ಮಾತು: ಮೇಪಲ್ ಸದ್ದು ಚುರುಕು, ರೋಸ್‌ವುಡ್ ಸದ್ದು ಮೆತ್ತಗೆ. ನಾನೂ ಇದನ್ನೇ ನಂಬಿಕೊಂಡು ಎಷ್ಟೋ ವರ್ಷ ನುಡಿಸಿದೆ. ಈಗ ಹಾಗೆ ಹೇಳುವುದಿಲ್ಲ. ಫ್ರೆಟ್ (ಫಿಂಗರ್‌ಬೋರ್ಡ್‌ಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಇರುವ ಬೇಸ್ ಆದರೆ ಮರವನ್ನು ಮೊದಲು ಬೆರಳು ಆರಿಸಲಿ, ಕಿವಿಯ ಸರದಿ ಆಮೇಲೆ. ಫ್ರೆಟ್‌ಲೆಸ್ ಆದರೆ ಲೆಕ್ಕವೇ ಬೇರೆ.

ಮೊದಲು: ಫ್ರೆಟ್ ಬೇಕೋ ಬೇಡವೋ

ಮರದ ಹೆಸರಿಗೆ ಹೋಗುವ ಮೊದಲು ಇದು ತೀರ್ಮಾನ ಆಗಬೇಕು. ಫ್ರೆಟ್ ಇರುವ ಬೇಸ್‌ನಲ್ಲಿ ನೀವು ತಂತಿ ಒತ್ತಿದಾಗ ಅದು ನಿಲ್ಲುವುದು ಲೋಹದ ಫ್ರೆಟ್ ಮೇಲೆ. ನುಡಿಯುವ ಭಾಗ ಮರವನ್ನು ಮುಟ್ಟುವುದೇ ಇಲ್ಲ. ಫ್ರೆಟ್‌ಲೆಸ್‌ನಲ್ಲಿ ತಂತಿ ನೇರವಾಗಿ ಮರದ ಮೇಲೆ ಕೂರುತ್ತದೆ, ಅಲ್ಲಿ ಮರವೇ ಫ್ರೆಟ್. ಹಾಗಾಗಿ ಮರ ಎಷ್ಟು ಗಟ್ಟಿ ಅನ್ನುವುದು ಸದ್ದಿಗೂ ಬಾಳಿಕೆಗೂ ಅಲ್ಲಿ ತುಂಬಾ ಮುಖ್ಯ. ಅದರಲ್ಲೂ ರೌಂಡ್‌ವೌಂಡ್ ತಂತಿ, ಅಂದರೆ ಮೇಲ್ಮೈ ತರಿತರಿಯಾಗಿರುವ ಮಾಮೂಲಿ ತಂತಿ, ಮೆದು ಮರದ ಮೇಲೆ ಅರದ ಹಾಗೆ ಕೆಲಸ ಮಾಡುತ್ತದೆ. ವೈಬ್ರಾಟೊ (ಬೆರಳು ಅಲುಗಿಸಿ ಸ್ವರ ನಡುಗಿಸುವುದು) ಕೊಟ್ಟು ಕೊಟ್ಟು ಕೆಲವು ವರ್ಷಗಳಲ್ಲಿ ಗೀರು ಬೀಳುತ್ತದೆ.

ಫ್ರೆಟ್‌ಲೆಸ್ ಬೇಸ್‌ಗೆ ಹೆಸರಾದ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಫೆಂಡರ್ ಜಾಝ್ ಬೇಸ್‌ನ ರೋಸ್‌ವುಡ್ ಬೋರ್ಡ್‌ಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಬಳಿದಿದ್ದರು. ಆ ಗಟ್ಟಿ ಪದರ ಮರವನ್ನು ತಂತಿಯಿಂದ ಕಾಪಾಡಿತು, ಸದ್ದಿಗೂ ಹೊಳಪು ಕೊಟ್ಟಿತು. ಅವರ ಹಾಗೆ ಬಳಿಯಲು ಹೋಗಬೇಕಾಗಿಲ್ಲ. ಫ್ರೆಟ್‌ಲೆಸ್ ಬೇಕಾದರೆ ಎಬೊನಿ ಎಂಬ ಗಟ್ಟಿ ಮರ ನೋಡಿ, ಅಥವಾ ಫೀನಾಲಿಕ್, ರಿಚ್‌ಲೈಟ್ ಥರದ, ಕಾಗದ ಮತ್ತು ರಾಳ ಸೇರಿಸಿ ಒತ್ತಿ ಮಾಡಿದ ಹಲಗೆ ನೋಡಿ. ರೋಸ್‌ವುಡ್ ಇದ್ದರೆ ನುಣುಪಾದ ಫ್ಲಾಟ್‌ವೌಂಡ್ ತಂತಿ ಹಾಕಿಕೊಂಡರೆ ಬೋರ್ಡ್ ಬಹಳ ಕಾಲ ಉಳಿಯುತ್ತದೆ.

ಮುಂದಿನ ಮಾತೆಲ್ಲ ಹೆಚ್ಚಾಗಿ ಫ್ರೆಟ್ ಇರುವ ಬೇಸ್ ಬಗ್ಗೆ.

ಎರಡನೆಯದು: ಕಣ್ಣು ಮುಚ್ಚಿ, ಆಂಪ್ ಆಫ್ ಮಾಡಿ, ಬೆರಳಾಡಿಸಿ

ಮೇಪಲ್ ತಿಳಿ ಬಣ್ಣದ ಮರ, ಕೊಳೆ ಬೇಗ ಹಿಡಿಯುತ್ತದೆ. ಅದಕ್ಕೆ ಸಾಮಾನ್ಯವಾಗಿ ಮೇಲೆ ಲ್ಯಾಕರ್, ಅಂದರೆ ವಾರ್ನಿಷ್ ಥರದ ಲೇಪ, ಬಳಿದಿರುತ್ತಾರೆ. ಅಂದರೆ ನಿಮ್ಮ ಬೆರಳು ಮುಟ್ಟುವುದು ಮರವನ್ನಲ್ಲ, ಲ್ಯಾಕರನ್ನು. ಹೊಳೆಯುವ ಲ್ಯಾಕರ್ ಆದರೆ ಗಾಜಿನ ಹಾಗೆ ನುಣುಪು, ಬೆವರು ಬಂದಾಗ ಸ್ವಲ್ಪ ಅಂಟು. ಮಂದ ಲ್ಯಾಕರ್ ಆದರೆ ಅಂಟು ಕಡಿಮೆ. ನನ್ನ ಕೈ ಜಾಸ್ತಿ ಬೆವರುತ್ತದೆ, ಒಂದು ಗಂಟೆ ನುಡಿಸಿದ ಮೇಲೆ ಹೊಳೆಯುವ ಮೇಪಲ್ ಮೇಲೆ ಬೆರಳು ಜಾರುವ ಬದಲು ಹಿಡಿದುಕೊಳ್ಳುತ್ತದೆ. ಇನ್ನೊಬ್ಬರಿಗೆ ಅದೇ ನುಣುಪು ತುಂಬಾ ಇಷ್ಟ ಆಗಬಹುದು.

ರೋಸ್‌ವುಡ್‌ನಲ್ಲಿ ಎಣ್ಣೆ ಅಂಶ ಇದೆ, ಲ್ಯಾಕರ್ ಬೇಕಾಗುವುದಿಲ್ಲ. ಬೆರಳಿಗೆ ಮರದ ಎಳೆ, ಸಣ್ಣ ಸಣ್ಣ ತೂತು ಎಲ್ಲ ಗೊತ್ತಾಗುತ್ತದೆ. ಅಂದಹಾಗೆ, ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಬೀಟೆ ಮರವೇ. ಎಬೊನಿ ಇವೆರಡರ ನಡುವೆ: ಲ್ಯಾಕರ್ ಇಲ್ಲ, ಆದರೆ ಎಳೆ ಎಷ್ಟು ಒತ್ತಾಗಿದೆ ಅಂದರೆ ನುಣುಪಾಗಿಯೇ ಇರುತ್ತದೆ. ನನಗೆ ಹೆಚ್ಚು ಇಷ್ಟವಾದ ಮೇಲ್ಮೈ ಅದೇ.

ಎರಡು ನಿಮಿಷ ಮುಟ್ಟಿ ತೀರ್ಮಾನಿಸಬೇಡಿ. ಕಾಲು ಗಂಟೆಯಾದರೂ ನುಡಿಸಿ, ಕೈ ಬಿಸಿಯಾಗಲಿ, ಆಗ ನಿಜ ಗೊತ್ತಾಗುತ್ತದೆ.

ಮೂರನೆಯದು: ಸದ್ದನ್ನು ನ್ಯಾಯವಾಗಿ ಹೋಲಿಸಿ

ನನ್ನ ಹತ್ತಿರ ಎರಡು ಬೇಸ್ ಇದ್ದವು, ಒಂದು ರೋಸ್‌ವುಡ್, ಒಂದು ಮೇಪಲ್. ಮೇಪಲ್‌ನದು ನಿಜವಾಗಲೂ ಚುರುಕು ಸದ್ದು, ಕೇಳಿದವರೆಲ್ಲ ಒಪ್ಪುತ್ತಿದ್ದರು. ಒಂದು ದಿನ ಎರಡಕ್ಕೂ ಒಂದೇ ಕಂಪನಿಯ, ಒಂದೇ ದಪ್ಪದ ಹೊಸ ತಂತಿ ಹಾಕಿ, ತಂತಿಯ ಎತ್ತರ ಸರಿಸಮ ಮಾಡಿ, ಟೋನ್ ನಾಬ್ ಪೂರ್ತಿ ಜಾಸ್ತಿ ಇಟ್ಟು ನುಡಿಸಿ ರೆಕಾರ್ಡ್ ಮಾಡಿದೆ. ಮಾರನೇ ದಿನ ಕೇಳಿದಾಗ ಯಾವುದು ಯಾವುದೆಂದು ಹೇಳಲು ನನಗೇ ಆಗಲಿಲ್ಲ. ಇಷ್ಟು ವರ್ಷ ನಾನು ಮೇಪಲ್ ಸದ್ದು ಅಂದುಕೊಂಡಿದ್ದು ಬಹುಪಾಲು ಹೊಸ ತಂತಿಯ ಸದ್ದು.

ಇನ್ನೊಂದು ವಿಷಯ ನೋಡಿ. ಮೇಪಲ್ ಗಟ್ಟಿ ಮರ, ಅದಕ್ಕೇ ಸದ್ದು ಚುರುಕು ಅನ್ನುತ್ತಾರಲ್ವಾ? ಮರದ ಗಟ್ಟಿತನಕ್ಕೆ ಜಾಂಕಾ ಅಂತ ಒಂದು ಅಳತೆ ಇದೆ. 11.28 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧ ಹೂಳಲು ಎಷ್ಟು ಬಲ ಬೇಕು ಅನ್ನುವುದು ಆ ಲೆಕ್ಕ. ಗಟ್ಟಿ ಮೇಪಲ್‌ಗೆ ಅದು ಸುಮಾರು 1450 ಪೌಂಡ್. ಬೀಟೆಗೆ ಸುಮಾರು 2440. ಆಫ್ರಿಕಾದ ಎಬೊನಿಗೆ 3000ಕ್ಕೂ ಮೇಲೆ. ಅಂದರೆ ಮೆತ್ತನೆ ಸದ್ದಿನದು ಅನ್ನಿಸಿಕೊಂಡ ರೋಸ್‌ವುಡ್, ಮೇಪಲ್‌ಗಿಂತ ಗಟ್ಟಿ!

ಹಾಗಾದರೆ ಮೇಪಲ್ ಚುರುಕು, ರೋಸ್‌ವುಡ್ ಮೆತ್ತಗೆ ಅನ್ನುವ ಮಾತು ಎಲ್ಲಿಂದ ಬಂತು? ಬಹುಶಃ ನುಡಿಸಿದವರಿಂದ. ಜೇಮ್ಸ್ ಜೇಮರ್ಸನ್ ಕೈಯಲ್ಲಿದ್ದದ್ದು ರೋಸ್‌ವುಡ್ ಬೋರ್ಡ್‌ನ ಪ್ರಿಸಿಷನ್ ಬೇಸ್, ಸದ್ದು ದುಂಡಗೆ, ಬೆಚ್ಚಗೆ. ಆದರೆ ಅದರ ಮೇಲಿದ್ದದ್ದು ಹಳೆಯ ಫ್ಲಾಟ್‌ವೌಂಡ್ ತಂತಿ. ಮಾರ್ಕಸ್ ಮಿಲ್ಲರ್ ಅವರ ಸ್ಲ್ಯಾಪ್ (ಹೆಬ್ಬೆರಳಿಂದ ತಂತಿ ಬಡಿದು ನುಡಿಸುವುದು) ಕೇಳಿ ಮೇಪಲ್ ಕೊಂಡವರಿಗೆ ಲೆಕ್ಕವಿಲ್ಲ. ಆದರೆ ಅವರ 1977ರ ಜಾಝ್ ಬೇಸ್‌ನೊಳಗೆ ಪ್ರೀಆಂಪ್ (ಸದ್ದು ಹೆಚ್ಚಿಸಿ ತಿದ್ದುವ ಪುಟ್ಟ ಸರ್ಕ್ಯೂಟ್) ಕೂರಿಸಿದ್ದರು, ಜೊತೆಗೆ ಆ ದಶಕದ ಜಾಝ್ ಬೇಸ್‌ಗಳಲ್ಲಿ ಹಿಂದಿನ ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ತಂತಿಯ ಕೆಳತುದಿ ಕೂರುವ ಬ್ರಿಜ್ ಕಡೆಗೆ ಸ್ವಲ್ಪ ಸರಿದಿತ್ತು, ಸದ್ದು ಹರಿತವಾಗಲು ಅದಷ್ಟೇ ಸಾಕು. ಫಿಂಗರ್‌ಬೋರ್ಡ್ ಅಂದರೆ ಐದಾರು ಮಿಲಿಮೀಟರ್ ದಪ್ಪದ ಹಲಗೆ. ಅದರ ಪಾಲು ಏನೂ ಇಲ್ಲ ಅನ್ನುವುದಿಲ್ಲ, ಆದರೆ ತಂತಿ, ಪಿಕಪ್, ನಿಮ್ಮ ಕೈ, ಇವುಗಳ ಮುಂದೆ ಅದು ತೀರಾ ಚಿಕ್ಕದು.

ಹಾಗಾಗಿ ಅಂಗಡಿಯಲ್ಲಿ ಎರಡು ಬೇಸ್ ಹೋಲಿಸುವಾಗ ತಂತಿ ಒಂದೇ ಥರದ್ದಾ, ಒಂದೇ ವಯಸ್ಸಿನದ್ದಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ತಂತಿಯನ್ನು, ಮರವನ್ನಲ್ಲ.

ನಾಲ್ಕನೆಯದು: ಮರದ ಹೆಸರಲ್ಲ, ಎದುರಿಗಿರುವ ಹಲಗೆ ನೋಡಿ

ನೆಕ್‌ನ (ಫಿಂಗರ್‌ಬೋರ್ಡ್ ಕೂತಿರುವ ಉದ್ದನೆಯ ಕತ್ತು) ಅಂಚಿನ ಉದ್ದಕ್ಕೂ ಬೆರಳು ಎಳೆಯಿರಿ. ಫ್ರೆಟ್ ತುದಿಗಳು ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಎಂದರ್ಥ. ಲೋಹ ಕುಗ್ಗುವುದಿಲ್ಲ, ಅದಕ್ಕೇ ತುದಿ ಹೊರಗೆ ಬರುತ್ತದೆ. ಅರದಿಂದ ಉಜ್ಜಿ ಸರಿ ಮಾಡಬಹುದು, ಆದರೆ ಆ ಖರ್ಚು ಬೆಲೆಯಲ್ಲಿ ಕಳೆಯಲು ಕೇಳಿ. ಎಬೊನಿ ಆದರೆ ಫ್ರೆಟ್ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಒಣಗಿದರೆ ಬಿರಿಯುವ ಸ್ವಭಾವ ಅದಕ್ಕಿದೆ.

ಒಂದೇ ಸಮ ಕಡುಕಪ್ಪಾಗಿರುವ ಹಲಗೆಗೆ ಬಣ್ಣ ಹಾಕಿರುವ ಸಾಧ್ಯತೆ ಹೆಚ್ಚು. ಎಬೊನಿಯಲ್ಲಿ ಕಂದು ಗೆರೆ ಇರುವುದು ಸಹಜ, ಅದು ದೋಷ ಅಲ್ಲ. ಬಣ್ಣ ಹಾಕಿದ್ದರೂ ಮೋಸ ಅನ್ನಬೇಕಾಗಿಲ್ಲ, ಆದರೆ ಗೊತ್ತಿರಲಿ. ಮಾರುವವರನ್ನು ಕೇಳಿಕೊಂಡು, ಬಿಳಿ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಕೊನೆಯ ಫ್ರೆಟ್ ಹತ್ತಿರ ಒರೆಸಿದರೆ ಎಷ್ಟೋ ಸಲ ಬಟ್ಟೆಯೇ ಹೇಳಿಬಿಡುತ್ತದೆ.

ಆಮೇಲೆ ಡೆಡ್ ಸ್ಪಾಟ್. ಜಿ ತಂತಿಯಲ್ಲಿ (ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ತೆಳುವಾದದ್ದು) ಐದರಿಂದ ಏಳನೇ ಫ್ರೆಟ್ ಸುತ್ತ ಒಂದೊಂದೇ ಸ್ವರ ನುಡಿಸಿ, ಒತ್ತಿ ಹಿಡಿದು ಪೂರ್ತಿ ಕೇಳಿ. ಒಂದು ಸ್ವರ ಮಾತ್ರ ಬೇಗ ಸತ್ತುಹೋದರೆ, ನೆಕ್ ಆ ಸ್ವರಕ್ಕೆ ತಾನೇ ಅದುರಿ ತಂತಿಯ ಶಕ್ತಿ ಹೀರಿಕೊಳ್ಳುತ್ತಿದೆ ಎಂದರ್ಥ. ಒಂದೇ ಮಾಡೆಲ್‌ನ, ಒಂದೇ ಮರದ ಎರಡು ಬೇಸ್‌ಗಳಲ್ಲೂ ಇದು ಬೇರೆ ಬೇರೆ ಇರುತ್ತದೆ. ನನ್ನ ಪ್ರಕಾರ ಮೇಪಲ್ಲೋ ರೋಸ್‌ವುಡ್ಡೋ ಅನ್ನುವುದಕ್ಕಿಂತ ಈ ಪರೀಕ್ಷೆ ಎಷ್ಟೋ ಪಾಲು ಮುಖ್ಯ.

ಐದನೆಯದು: ಹೊಸ ಹೆಸರು ಕಂಡರೆ ಹಿಂಜರಿಯಬೇಡಿ

ಪಾವ್ ಫೆರೊ, ಇಂಡಿಯನ್ ಲಾರೆಲ್ ಅನ್ನುವ ಹೆಸರುಗಳು ಈಗ ಎಲ್ಲೆಡೆ ಕಾಣುತ್ತವೆ. 2017ರ ಜನವರಿಯಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ರೋಸ್‌ವುಡ್ ಜಾತಿಯ ಮರಗಳನ್ನೆಲ್ಲ ಗಡಿ ದಾಟಿಸಿ ಮಾರಲು ಪರವಾನಗಿ ಬೇಕಾಯಿತು. ವಾದ್ಯ ತಯಾರಕರು ಬೇರೆ ಮರ ಹುಡುಕಿಕೊಂಡರು. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೆ ಬ್ರೆಜಿಲಿಯನ್ ರೋಸ್‌ವುಡ್‌ಗೆ ಅದು ಸಿಗಲಿಲ್ಲ. ಅದರ ಮೇಲೆ 1992ರಿಂದ ಇರುವ ಬಿಗಿ ನಿಯಮ ಹಾಗೇ ಇದೆ. ಹಳೆಯ ಬೇಸ್ ಕೊಂಡು ಗಡಿ ದಾಟಿಸುವವರು ಇದನ್ನು ನೆನಪಿಡಬೇಕು.

ಪಾವ್ ಫೆರೊ ರೋಸ್‌ವುಡ್‌ಗಿಂತ ತುಸು ನುಣುಪು, ಬಣ್ಣ ತುಸು ತಿಳಿ, ಒಳ್ಳೆಯ ಮರ. ಅದು ಅಗ್ಗದ ಬದಲಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಲಾರೆಲ್ ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಹೆಚ್ಚು, ಕೆಲವೊಮ್ಮೆ ಒಣಒಣ ಅನ್ನಿಸುತ್ತದೆ, ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ. ರೋಸ್ಟೆಡ್ ಮೇಪಲ್ ಅಂದರೆ ಕಾಯಿಸಿ ತೇವ ತೆಗೆದ ಮೇಪಲ್, ಹವೆ ಬದಲಾದರೂ ಅಷ್ಟಾಗಿ ಉಬ್ಬಿ ಕುಗ್ಗುವುದಿಲ್ಲ.

ಕೊನೆಗೆ: ಆರೈಕೆಯ ಲೆಕ್ಕ

ಲ್ಯಾಕರ್ ಇರುವ ಮೇಪಲ್‌ಗೆ ಎಣ್ಣೆ ಬೇಡ. ಒರೆಸಿದರೆ ಸಾಕು. ಆದರೆ ಲ್ಯಾಕರ್ ಸವೆದ ಕಡೆ ಕೊಳೆ ಕೂತು ಬೂದು ಬಣ್ಣ ಬರುತ್ತದೆ, ಮುಂದೆ ಫ್ರೆಟ್ ಬದಲಿಸಬೇಕಾಗಿ ಬಂದಾಗ ಲ್ಯಾಕರ್ ಕೆಲಸವೂ ಸೇರಿ ಖರ್ಚು ಜಾಸ್ತಿ ಆಗುತ್ತದೆ. ರೋಸ್‌ವುಡ್, ಪಾವ್ ಫೆರೊ, ಎಬೊನಿಗೆ ವರ್ಷಕ್ಕೆ ಒಂದೆರಡು ಸಲ, ತಂತಿ ಬದಲಿಸುವಾಗ, ಫಿಂಗರ್‌ಬೋರ್ಡ್ ಎಣ್ಣೆ ಕೆಲವೇ ಹನಿ ಹಚ್ಚಿ, ಐದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಅಡುಗೆ ಎಣ್ಣೆ ಹಚ್ಚಲೇಬೇಡಿ, ಜಿಡ್ಡು ಕಟ್ಟಿ ವಾಸನೆ ಬರುತ್ತದೆ. ಯಾವ ಮರವೇ ಆಗಲಿ, ಗಾಳಿಯ ತೇವಾಂಶ ಶೇ 45ರಿಂದ 55ರ ಆಸುಪಾಸಿನಲ್ಲಿದ್ದರೆ ಆರಾಮಾಗಿರುತ್ತದೆ. ಅದನ್ನು ತೋರಿಸುವ ಪುಟ್ಟ ಮೀಟರ್ ಒಂದನ್ನು ಬೇಸ್ ಜೊತೆಗೇ ಕೊಂಡು ಕೇಸ್‌ನೊಳಗೆ ಇಟ್ಟುಬಿಡಿ.