ಅತ್ತೆಯ ಪಡ್ಡಿನ ಹಂಚು ಪಳಗಿಸಿದ್ದು

ಚಳ್ಳಕೆರೆಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ನಮ್ಮತ್ತೆಯ ಪಡ್ಡಿನ ಹಂಚು ಸಿಕ್ಕಿತು. ಬೀಡಿನದು, ಅಂದರೆ ಎರಕದ ಕಬ್ಬಿಣದ್ದು, ಏಳು ಗುಳಿ, ಮೈಯೆಲ್ಲ ಜಂಗು. ಗುಜರಿಗೆ ಹಾಕು ಅಂದರು ನಮ್ಮ ಮನೆಯವರು. ನಾನು ಸುಮ್ನೆ ಚೀಲಕ್ಕೆ ಹಾಕಿಕೊಂಡು ದಾವಣಗೆರೆಗೆ ತಂದೆ.

ಹಳೇ ಹಂಚು ಸಿಕ್ಕರೆ ಮೊದಲು ಸೌಟಿನಿಂದ ಬಡಿದು ನೋಡಿ. ಟಣ್ ಅಂದರೆ ಸರಿ. ಡಬ್ ಅಂದರೆ ಬಿರುಕು ಬಿಟ್ಟಿರಬಹುದು. ಬೀಡು ಗಟ್ಟಿಯೇನೋ ಹೌದು, ಆದರೆ ಕಾದಾಗ ತಣ್ಣೀರು ಬಿದ್ದರೆ ಸೀಳಿಬಿಡುತ್ತದೆ. ನನ್ನ ಮೊದಲ ದೋಸೆ ಹಂಚು ಹೋಗಿದ್ದೇ ಹಾಗೆ.

ಜಂಗಿಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಸಿ. ರಾತ್ರಿಯೆಲ್ಲ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಆಮೇಲೆ ಸ್ಟೀಲ್ ನಾರಿನಿಂದ ತಿಕ್ಕಬೇಕು. ಗುಳಿಯ ತಳಕ್ಕೆ ನಾರು ಇಳಿಯಲ್ಲ. ಸ್ಯಾಂಡ್ ಪೇಪರನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಒಂದೊಂದೇ ಗುಳಿ ಉಜ್ಜಿದೆ. ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು. ಬೂದುಬಣ್ಣದ ಕಬ್ಬಿಣ ಕಂಡ ಮೇಲೆ ಸೋಪು ಹಾಕಿ ತೊಳೆದು, ಒರೆಸಿ, ಕೂಡಲೇ ಒಲೆ ಮೇಲಿಟ್ಟು ಒಣಗಿಸಿ. ಒದ್ದೆ ಬಿಟ್ಟರೆ ಮತ್ತೆ ಕೆಂಪಗಾಗುತ್ತದೆ.

ಇನ್ನು ಪಳಗಿಸುವುದು. ಎಲ್ಲರೂ ಎಡವುವುದು ಇಲ್ಲೇ, ಎಣ್ಣೆ ಜಾಸ್ತಿ ಸವರುತ್ತಾರೆ. ಬಿಸಿಗೆ ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಂಡು ಕಪ್ಪು ಪದರ ಆಗಬೇಕು. ದಪ್ಪಗೆ ಹಚ್ಚಿದರೆ ಅಂಟಂಟಾಗಿ ಉಳಿಯುತ್ತದೆ, ಅದರಲ್ಲೂ ಗುಳಿಯ ತಳದಲ್ಲಿ. ನಾನು ಬಳಸಿದ್ದು ಕುಸುಬೆ ಎಣ್ಣೆ. ಶೇಂಗಾ ಎಣ್ಣೆಯೂ ನಡೆಯುತ್ತದೆ, ಚಳ್ಳಕೆರೆಯವರು ಬೇರೆಯದನ್ನು ಒಪ್ಪಲ್ಲ ಬಿಡಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಅದು ಪದರ ಕಟ್ಟುವುದಿಲ್ಲ.

ಹಂಚು ಉಗುರುಬೆಚ್ಚಗಿರುವಾಗ ಎಣ್ಣೆ ಸವರಿ. ಆಮೇಲೆ ಒಣ ಬಟ್ಟೆಯಿಂದ, ಹಚ್ಚಿದ್ದೇ ತಪ್ಪಾಯಿತು ಅನ್ನುವ ಹಾಗೆ ಒರೆಸಿ ತೆಗೆಯಿರಿ. ಬೋರಲು ಹಾಕಿ ಒಲೆ ಹಚ್ಚಿ, ಕಿಟಕಿ ತೆಗೆದಿಡಿ. ಹೊಗೆ ಎದ್ದು, ಆಮೇಲೆ ನಿಂತುಹೋಗುವ ತನಕ ಕಾಯಿಸಿ, ತಾನಾಗಿ ಆರಲಿ. ಹೀಗೆ ಐದು ಸಲ. ನಾನು ದಿನಕ್ಕೊಂದು ಸಲ ಮಾಡಿದೆ.

ಮೊದಲು ಗುಳಿಗಳಲ್ಲಿ ಈರುಳ್ಳಿ ಹುರಿದು ಬಿಸಾಡಿ, ಆಮೇಲೆ ಹಿಟ್ಟು ಹಾಕಿದೆ. ಮೊದಲ ಒಬ್ಬೆಯಲ್ಲಿ ನಾಲ್ಕು ಅಂಟಿದವು. ಮೂರನೇದಕ್ಕೆ ಕಡ್ಡಿ ತಾಗಿಸಿದರೆ ಸಾಕು, ಪಡ್ಡು ತಿರುಗಿತು. ಹುಳಿ ಬಂದ ಹಿಟ್ಟು ಅದರಲ್ಲೇ ಕೂರಬಾರದು. ಕೆಲಸ ಮುಗಿದು ಆರಿದ ಮೇಲೆ ತೊಳೆದು, ಒಲೆ ಮೇಲೆ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿಡಿ.

ನಡುವಿನ ಗುಳಿ ಇನ್ನೂ ಹಟ ಮಾಡುತ್ತದೆ. ಉರಿ ನೇರ ತಾಗುವುದು ಅದಕ್ಕೇ ಅಲ್ವಾ? ಅದಕ್ಕೆ ಹಿಟ್ಟು ಕೊನೆಗೆ ಹಾಕಿ, ಮೊದಲು ತೆಗೆಯುತ್ತೇನೆ.