14 ಟೋಪಿಯ ಪಿಚರ್, ನನ್ನ ಸ್ಕೋರ್‌ಬುಕ್

ಬೆಂಗಳೂರಿನ ಲೀಗ್ ಕ್ರಿಕೆಟ್‌ಗೆ ಆರು ವರ್ಷ ಸ್ಕೋರ್ ಬರೆದವನು ನಾನು. ಮರದಡಿ ಒಂದು ಮೇಜು, ಪುಟ ಗಾಳಿಗೆ ಹಾರದಂತೆ ಮೇಲೊಂದು ಹಳೇ ಬಾಲ್. ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಬಾರ್ಟ್ ರೈಲು ಹತ್ತಿದರೆ ಓಕ್ಲೆಂಡ್ ಕೊಲಿಸಿಯಂ, ಆಗ ಅಲ್ಲಿನ ತಂಡ ಬೇಸ್‌ಬಾಲ್ ಆಡುತ್ತಿದ್ದ ಮೈದಾನ. ಮೇಲಿನ ಸಾಲಿನ ಟಿಕೆಟ್ ಅಗ್ಗವಿತ್ತು, ಪೆನ್ಸಿಲ್ ಮನೆಯದೇ.

ಮೊದಲ ದಿನ ರೂಢಿಯಂತೆ ಎಸೆತಕ್ಕೊಂದು ಚುಕ್ಕಿ ಇಡುತ್ತಾ ಹೋದೆ. ಮೂರನೇ ಇನಿಂಗ್ಸ್ ಹೊತ್ತಿಗೆ ಪುಟ ಇರುವೆ ಸಾಲಿನಂತಾಗಿತ್ತು. ಪಕ್ಕದ ಸೀಟಿನ ಅಜ್ಜ ನೋಡಿ ನಕ್ಕು, ತನ್ನ ಪುಸ್ತಕವನ್ನೇ ನನ್ನ ತೊಡೆಯ ಮೇಲಿಟ್ಟರು. ಇಲ್ಲಿ ಫೀಲ್ಡರ್‌ಗಳಿಗೆ ಹೆಸರಿಲ್ಲ, ನಂಬರ್: ಪಿಚರ್ (ನಮ್ಮ ಬೌಲರ್ ಇದ್ದಂತೆ) 1, ಕ್ಯಾಚರ್ (ನಮ್ಮ ಕೀಪರ್) 2, ಶಾರ್ಟ್‌ಸ್ಟಾಪ್ 6. ‘6-4-3’ ಅಂತ ಗೀಚಿದರೆ ಚೆಂಡು ಯಾರಿಂದ ಯಾರಿಗೆ ಹೋಗಿ ಇಬ್ಬರು ಔಟಾದರು ಅನ್ನುವುದೆಲ್ಲ ಬಂತು. ಬ್ಯಾಟ್ ಬೀಸಿ ತಪ್ಪಿ ಔಟಾದರೆ ಇಂಗ್ಲಿಷಿನ ‘ಕೆ’ ಅಕ್ಷರ. ಬೀಸದೆ ನಿಂತೇ ಔಟಾದರೆ ಅದೇ ಅಕ್ಷರ ಕನ್ನಡಿಯಲ್ಲಿ ಕಂಡಂತೆ, ತಿರುವುಮುರುವು.

2018ರಲ್ಲಿ ಓಕ್ಲೆಂಡ್ ತಂಡದ ಪಿಚರ್‌ಗಳು ಒಬ್ಬರಾದ ಮೇಲೊಬ್ಬರು ಗಾಯಗೊಂಡು ಕೂತಾಗ ಬಂದವನು ಎಡ್ವಿನ್ ಜಾಕ್ಸನ್. ವಯಸ್ಸು 34, ಅದು ಅವನ 13ನೇ ತಂಡ. ನಮ್ಮಲ್ಲಿ ಎತ್ತಂಗಡಿ ಅನ್ನುತ್ತೇವಲ್ಲ, ಅದೇ ಒಂದು ವೃತ್ತಿಯಾದ ಹಾಗೆ. ಆ ಸಾಲಿನಲ್ಲಿ 17 ಪಂದ್ಯ ಶುರುಮಾಡಿ ಆರು ಗೆದ್ದ, ಮೂರು ಸೋತ (ಇಲ್ಲಿ ಗೆಲುವು-ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ). ಸ್ಟಾರ್‌ಗಳ ಪುಟ ಬರೆಯಲು ಸಾವಿರ ಜನ ಇದ್ದಾರೆ, ಇವನದು ನಾನು ಬರೆಯೋಣ ಅನ್ನಿಸಿತು. ಹಳೇ ಪಂದ್ಯಗಳ ಎಸೆತ-ಎಸೆತದ ವಿವರ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಒಂದೊಂದೇ ಪಂದ್ಯ ಕೈಯಲ್ಲಿ ನಕಲಿಸಿದೆ. ಮೊದಲ ಪುಟ 2003ರ ಸೆಪ್ಟೆಂಬರ್ 9: ಅವನ 20ನೇ ಹುಟ್ಟುಹಬ್ಬ, ಮೊದಲ ಪಂದ್ಯ, ಎದುರಿಗೆ ದಿಗ್ಗಜ ಪಿಚರ್ ರ‍್ಯಾಂಡಿ ಜಾನ್ಸನ್. ಗೆದ್ದದ್ದು ಹುಡುಗ.

ಬರೆದು ಬೆವರಿದ್ದು 2010ರ ಜೂನ್ 25ರ ಪುಟಕ್ಕೆ. ಅರಿಜೋನಾ ಪರ, ತನ್ನ ಹಳೇ ತಂಡ ಟ್ಯಾಂಪಾ ಬೇ ವಿರುದ್ಧ, ಒಂಬತ್ತು ಇನಿಂಗ್ಸ್‌ನಲ್ಲಿ ಒಂದೂ ಹಿಟ್ (ಚೆಂಡು ಹೊಡೆದು ಬೇಸ್, ಅಂದರೆ ಓಟದ ನಿಲ್ದಾಣ, ತಲುಪುವುದು) ಕೊಡಲಿಲ್ಲ. ಆದರೆ ಪುಟ ನೋಡಿದರೆ ನೋ-ಹಿಟರ್ ಅಂತ ಯಾರೂ ನಂಬುವುದಿಲ್ಲ. ನಾಲ್ಕು ಎಸೆತ ದಾರಿ ತಪ್ಪಿದರೆ ಬ್ಯಾಟ್ಸ್‌ಮನ್ ಪುಕ್ಕಟೆ ಮೊದಲ ಬೇಸ್‌ಗೆ ನಡೆಯುತ್ತಾನೆ. ಅದು ‘ವಾಕ್’, ನಮ್ಮ ವೈಡ್‌ನ ಅಣ್ಣ. ಅವತ್ತು ಎಂಟು ವಾಕ್, ಅದರಲ್ಲಿ ಏಳು ಮೊದಲ ಮೂರೇ ಇನಿಂಗ್ಸ್‌ನಲ್ಲಿ. ಮೂರನೆಯದರಲ್ಲಿ ಒಬ್ಬನೂ ಔಟಾಗದೆ ಮೂರೂ ಬೇಸ್ ತುಂಬಿದ್ದವು, ಆದರೂ ರನ್ ಬರಲಿಲ್ಲ. ಎಸೆತದ ಲೆಕ್ಕ 100 ದಾಟಿದರೆ ಸಾಮಾನ್ಯವಾಗಿ ಪಿಚರ್‌ನನ್ನು ಕೂರಿಸುತ್ತಾರೆ. ಇವನು ಎಸೆದದ್ದು 149. ನನ್ನ ಅಂಕಣದಲ್ಲಿ ಜಾಗ ಸಾಲದೆ ಪುಟದ ಅಂಚಿಗೆ ಹೋಗಿ ಗೆರೆ ಎಳೆದೆ. ಫಲಿತಾಂಶ 1-0. ವಾರದೊಳಗೆ ತಂಡದ ಮ್ಯಾನೇಜರ್ ಹಿಂಚ್ ಕೆಲಸ ಹೋಯಿತು (ಇದರಿಂದಲ್ಲ, ತಂಡ ಸೋಲುತ್ತಲೇ ಇತ್ತು). ಐದು ವಾರದಲ್ಲಿ ಜಾಕ್ಸನ್‌ನನ್ನೂ ಶಿಕಾಗೊಗೆ ಸಾಗಹಾಕಿದರು.

ಇವನ ಜಾತಕ ಹೇಳಿದರೆ ಬೆಂಗಳೂರಿನ ಹಳೇ ಸ್ಕೋರರ್ ಗೆಳೆಯ ಕೇಳಿದ್ದು ಒಂದೇ: “ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ ಕಣೋ, ಇವನನ್ಯಾಕೆ ಬರೀತೀಯ?” ಕೊನೆಗೆ ನಿಂತ ಲೆಕ್ಕ 107 ಗೆಲುವು, 133 ಸೋಲು. ಅವನ ಮಾತು ಸುಳ್ಳಲ್ಲ. ಆದರೆ 133 ಸೋಲಬೇಕಾದರೆ ಅಷ್ಟು ಸಲ ಯಾರೋ ಕರೆದು ಕೈಗೆ ಚೆಂಡು ಕೊಟ್ಟಿರಬೇಕಲ್ಲ. ಜೋರಾಗಿ ಎಸೆಯುವ, ಕೆಡದ ತೋಳು ಆ ಆಟದಲ್ಲಿ ಹಾಗೆಲ್ಲ ಸಿಗುವುದಿಲ್ಲ.

ಒಂದು ತಮಾಷೆ ಹೇಳಲೇಬೇಕು. 2011ರ ಜುಲೈ 27ರಂದು ಶಿಕಾಗೊ ಅವನನ್ನು ಟೊರೊಂಟೊಗೆ ಕೊಟ್ಟಿತು, ಟೊರೊಂಟೊ ಅದೇ ದಿನ ಸೇಂಟ್ ಲೂಯಿಸ್‌ಗೆ ದಾಟಿಸಿತು. ಆ ಸಲ ವಿಶ್ವ ಸರಣಿ (ಅಲ್ಲಿನ ಫೈನಲ್) ಗೆದ್ದದ್ದು ಸೇಂಟ್ ಲೂಯಿಸ್ಸೇ. ನಾನು ಹೊಸ ಪುಟದ ನೆತ್ತಿಯಲ್ಲಿ ಟೊರೊಂಟೊ ಅಂತ ಬರೆದುಬಿಟ್ಟಿದ್ದೆ. ಅಲ್ಲಿ ಅವನು ಒಂದು ಚೆಂಡೂ ಎಸೆದಿಲ್ಲ ಅಂತ ಗೊತ್ತಾಗಿ ಹೊಡೆದು ಹಾಕಿದೆ.

2019ರ ಮೇ ತಿಂಗಳಲ್ಲಿ ಓಕ್ಲೆಂಡ್ ಅವನನ್ನು ಟೊರೊಂಟೊಗೆ ಮಾರಿತು. 15ರ ಬುಧವಾರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಟ. ಆಫೀಸಿಗೆ ರಜೆ ಹಾಕಿ ಹೋದೆ. 14ನೇ ತಂಡ, ಅಲ್ಲಿಯವರೆಗೆ ಯಾರೂ ಮಾಡಿರದ ದಾಖಲೆ. ಅವನು ನೀಲಿ ಟೋಪಿ ಸರಿಮಾಡಿಕೊಂಡು ಮಣ್ಣಿನ ದಿಬ್ಬ ಹತ್ತುವಾಗ ನಾನು ಪುಟ ತಿರುವಿ, ಪೆನ್ಸಿಲ್ ಚೂಪು ಮಾಡಿ, ಟೊರೊಂಟೊ ಅಂತ ಮತ್ತೆ ಬರೆದೆ.