ನಹೂಮನ ಪುಸ್ತಕವನ್ನು ಕೂಟದಲ್ಲಿ ಓದಿ ಧ್ಯಾನಿಸುವುದು ಹೇಗೆ

ಬೈಬಲಿನ ಹಳೆ ಒಡಂಬಡಿಕೆಯಲ್ಲಿರುವ ಪ್ರವಾದಿ ನಹೂಮನ ಪುಸ್ತಕ ಚಿಕ್ಕದು: ಮೂರು ಅಧ್ಯಾಯ, 47 ವಚನ. ಎಲ್ಲವೂ ಅಶ್ಶೂರ್ಯ ಸಾಮ್ರಾಜ್ಯದ ರಾಜಧಾನಿ ನಿನೆವೆಯ ಮೇಲಿನ ತೀರ್ಪಿನ ಸುತ್ತಲೇ ಇದೆ. ಮನೆಕೂಟಗಳಲ್ಲಿ ಇದನ್ನು ತೆರೆಯುವುದೇ ಅಪರೂಪ. ತೆರೆದರೂ 1:7 ಒಂದನ್ನು ಓದಿ ಮುಂದೆ ಹೋಗುತ್ತಾರೆ. ಯೆಹೋವನು ಒಳ್ಳೆಯವನು, ಇಕ್ಕಟ್ಟಿನ ದಿನದಲ್ಲಿ ಆಶ್ರಯ ಎಂಬ ಆ ಮಾತನ್ನು ಯಾರ ಭಯದಲ್ಲಿ ಬದುಕುತ್ತಿದ್ದವರಿಗೆ ಹೇಳಿದ್ದು ಎಂದು ತಿಳಿಯಲು ಉಳಿದ 46 ವಚನಗಳೂ ಬೇಕು. ಒಂದೊಂದು ಗಂಟೆಯ ಎರಡು ಕೂಟಗಳನ್ನು ಇದಕ್ಕೆ ಮೀಸಲಿಡಿ.

ಮೊದಲ ಕೂಟದಲ್ಲಿ ಯೋನನ ಪುಸ್ತಕವನ್ನು ಒಬ್ಬರು, ಅದರ ಬೆನ್ನಿಗೇ ನಹೂಮನ ಪುಸ್ತಕವನ್ನು ಇನ್ನೊಬ್ಬರು ಗಟ್ಟಿಯಾಗಿ ಓದಲಿ. ನಡುವೆ ವಿವರಣೆ ಬೇಡ. ಎರಡೂ ಸೇರಿ ಇಪ್ಪತ್ತೈದು ನಿಮಿಷ ಸಾಕು. ಎರಡೂ ನಿನೆವೆಗೇ ಸಂಬಂಧಿಸಿದವು, ಎರಡೂ ಪ್ರಶ್ನೆಯಲ್ಲೇ ಮುಗಿಯುತ್ತವೆ. ಯೋನನಲ್ಲಿ ಆ ಪಟ್ಟಣದ ಮೇಲೆ ದೇವರಿಗಿರುವ ಕನಿಕರದ ಪ್ರಶ್ನೆ, ನಹೂಮನಲ್ಲಿ ಅದರ ಕ್ರೌರ್ಯಕ್ಕೆ ಸಿಕ್ಕಿ ನರಳದವರು ಯಾರಿದ್ದಾರೆ ಎಂಬ ಪ್ರಶ್ನೆ. ಆಮೇಲೆ ವಿಮೋಚನಕಾಂಡ 34:6-7, ಯೋನ 4:2, ನಹೂಮ 1:3 ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 'ದೀರ್ಘಶಾಂತಿ', ಅಂದರೆ ಬೇಗ ಸಿಟ್ಟಿಗೇಳದ ತಾಳ್ಮೆ, ಮೂರರಲ್ಲೂ ಇದೆ. ಅಪರಾಧವನ್ನು ಶಿಕ್ಷಿಸದೆ ಬಿಡುವವನಲ್ಲ ಎಂಬುದನ್ನು ಯೋನನು ಬಾಯಿಗೆ ತರುವುದಿಲ್ಲ, ನಹೂಮನು ಬಿಡುವುದಿಲ್ಲ. ಧ್ಯಾನದ ಬೇರು ಇಲ್ಲಿದೆ, ಅವಸರ ಮಾಡಬೇಡಿ.

ನಾಲ್ಕು ಇಸವಿಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಕ್ರಿ.ಪೂ. 722, ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯ ಅಶ್ಶೂರ್ಯರ ಕೈಸೇರಿತು. 701, ಅಶ್ಶೂರ್ಯರ ರಾಜ ಸನ್ಹೇರೀಬನು ಯೆಹೂದದ ಲಾಕೀಷ್ ಪಟ್ಟಣವನ್ನು ಹಿಡಿದು ಯೆರೂಸಲೇಮಿಗೆ ಮುತ್ತಿಗೆ ಹಾಕಿದನು. 663, ಅಶ್ಶೂರ್ಯರು ಈಜಿಪ್ಟಿನ ಥೀಬ್ಸನ್ನು ಸೂರೆಮಾಡಿದರು. 612, ಮೇದ್ಯರೂ ಬಾಬಿಲೋನಿನವರೂ ಸೇರಿ ನಿನೆವೆಯನ್ನು ಕೆಡವಿದರು. 3:8-10 ಥೀಬ್ಸಿನ ಪತನವನ್ನು ಆಗಿಹೋದ ಸಂಗತಿಯೆಂದೇ ಹೇಳುವುದರಿಂದ ಪ್ರವಾದನೆಯ ಕಾಲ ಕೊನೆಯ ಎರಡು ಇಸವಿಗಳ ನಡುವೆ ಬೀಳುತ್ತದೆ. 2:6ರ ನದಿಯ ಬಾಗಿಲುಗಳಿಗೂ ನೆಲದ ಆಧಾರವಿದೆ: ಖೋಸರ್ ನದಿ ನಗರದ ಒಳಗೇ ಹರಿದು ಟೈಗ್ರಿಸ್ ಸೇರುತ್ತಿತ್ತು. ಲಾಕೀಷಿನ ಮುತ್ತಿಗೆಯನ್ನು ಸನ್ಹೇರೀಬನು ತನ್ನ ಅರಮನೆಯ ಗೋಡೆಗಳಲ್ಲಿ ಕೆತ್ತಿಸಿಕೊಂಡಿದ್ದನು. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಫೋಟೋ ತೋರಿಸಬಹುದು, ಆದರೆ ಸೆರೆಯಾದವರನ್ನು ಶೂಲಕ್ಕೇರಿಸುವ ದೃಶ್ಯವೂ ಅದರಲ್ಲಿರುವುದರಿಂದ ಮಕ್ಕಳಿರುವ ಕೂಟದಲ್ಲಿ ಬೇಡ.

ಎರಡನೆಯ ಕೂಟಕ್ಕೆ ಎಲ್ಲರ ಕೈಯಲ್ಲೂ ಪೆನ್ಸಿಲ್ ಇರಲಿ. ಶಿಕ್ಷೆಯ ವರ್ಣನೆಯನ್ನು ಬಿಟ್ಟು ಅಪರಾಧಗಳಿಗೆ ಮಾತ್ರ ಗೆರೆ ಹಾಕಿಸಿ. 2:12ರಲ್ಲಿ ಗವಿಯನ್ನು ಬೇಟೆಯಿಂದ ತುಂಬಿಸಿದ ಸಿಂಹ, 3:1ರಲ್ಲಿ ರಕ್ತ, ಸುಳ್ಳು, ಸುಲಿಗೆ, 3:4ರಲ್ಲಿ ಜನಾಂಗಗಳನ್ನು ಮಾರಿದ್ದು, 3:16ರಲ್ಲಿ ನಕ್ಷತ್ರಗಳಿಗಿಂತ ಹೆಚ್ಚಾದ ವರ್ತಕರು, 3:19ರಲ್ಲಿ ಎಡೆಬಿಡದ ಕೆಡುಕು. ಪಟ್ಟಿ ಮುಗಿಯುವವರೆಗೆ ಅನ್ವಯಕ್ಕೆ ಕೈಹಾಕಬೇಡಿ. ಹೆಚ್ಚಿನ ಕೂಟಗಳು ಎಡವುವುದು ಇಲ್ಲೇ. 'ಪಾಪದ ಪಟ್ಟಣ' ಎಂದ ಕೂಡಲೇ ಕುಡಿತ, ಸಿನಿಮಾ, ಉಡುಪಿನ ಕಡೆಗೆ ಮಾತು ತಿರುಗುತ್ತದೆ, 3:4ರ ವೇಶ್ಯೆಯ ರೂಪಕ ಅದಕ್ಕೆ ನೆಪವಾಗುತ್ತದೆ. ಆ ವಚನವನ್ನು ಪೂರ್ತಿ ಓದಿಸಿ: ಮೋಹಿಸಿ, ವಂಚಿಸಿ ಜನಾಂಗಗಳನ್ನೇ ಗುಲಾಮರಾಗಿ ಮಾರಿದ ಸಾಮ್ರಾಜ್ಯದ ಮೇಲೆ ಆರೋಪವಿದೆ. 3:5-6ರ ಅವಮಾನದ ಚಿತ್ರ ಹೆಂಗಸರಿಗೆ ಕೇಳಲು ಕಷ್ಟವಾಗುವಂಥದ್ದು. ಪಟ್ಟಣವನ್ನು ಹೆಣ್ಣಾಗಿ ಚಿತ್ರಿಸಿ ಆಡಿದ ಯುದ್ಧಕಾಲದ ಕಠೋರ ಮಾತು ಅದು ಎಂದು ಮೊದಲೇ ಹೇಳಿಬಿಡಿ. ಯಾವ ಹೆಣ್ಣಿನ ಕಡೆಗೂ ಅದನ್ನು ತಿರುಗಿಸಲು ಬಿಡಬೇಡಿ.

ಇನ್ನೊಂದು ತಪ್ಪು ಇದಕ್ಕಿಂತ ಘೋರ. ಎಲ್ಲೋ ಭೂಕಂಪವೋ ನೆರೆಯೋ ಆದಾಗ, ಆ ಊರಿನವರ ಪಾಪಕ್ಕೆ ಬಂದ ತೀರ್ಪು ಅದು ಎಂದು ಈ ವಚನಗಳನ್ನು ಅಂಟಿಸುವುದು. ಯಾರಾದರೂ ಆ ದಾರಿ ಹಿಡಿದರೆ ವಾದ ಬೆಳೆಸದೆ ಲೂಕ 13:1-5 ಓದಿಸಿ. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಇತರರಿಗಿಂತ ಹೆಚ್ಚು ತಪ್ಪಿತಸ್ಥರಲ್ಲ ಎಂದು ಯೇಸು ಹೇಳಿ, ಕೇಳುತ್ತಿದ್ದವರನ್ನೇ ಪಶ್ಚಾತ್ತಾಪಕ್ಕೆ ಕರೆದನು. ಜೊತೆಗೆ ಲೂಕ 19:41-44 ಇರಲಿ: ಯೆರೂಸಲೇಮಿನ ನಾಶವನ್ನು ಆತನು ಮುನ್ನುಡಿದದ್ದು ಕಣ್ಣೀರಿಡುತ್ತಾ. ಊರಿಗಾಗಿ ಅಳಲಾಗದವರು ಅದರ ತೀರ್ಪಿನ ಬಗ್ಗೆ ಪ್ರಸಂಗ ಮಾಡದಿರುವುದೇ ಒಳ್ಳೆಯದು.

ಈಗ ಅನ್ವಯ. ಎರಡೇ ಪ್ರಶ್ನೆ ಸಾಕು. ನಮ್ಮ ಸಂಪಾದನೆಯಲ್ಲಿ, ಬಾಡಿಗೆಯಲ್ಲಿ, ಮನೆಗೆಲಸದವರಿಗೆ ಕೊಡುವ ಕೂಲಿಯಲ್ಲಿ ಯಾರ ಬೇಟೆಯಿಂದ ನಮ್ಮ ಗವಿ ತುಂಬಿದೆ? ಈ ಪುಸ್ತಕ ನೆಮ್ಮದಿ ತರುವಷ್ಟು ತುಳಿತಕ್ಕೆ ಸಿಕ್ಕವರು ನಮ್ಮ ಸಭೆಯಲ್ಲೇ ಯಾರಿದ್ದಾರೆ? ಐದು ನಿಮಿಷ ಮೌನ ಕೊಡಿ. ಉತ್ತರವನ್ನು ಎಲ್ಲರೆದುರು ಹೇಳಿಸಬೇಡಿ, ಹಾಗೆ ಮಾಡಿದರೆ ಜನ ಸುಲಭದ ಪಾಪಗಳನ್ನೇ ಒಪ್ಪಿಕೊಳ್ಳುತ್ತಾರೆ.

ಪ್ರಾರ್ಥನೆಯಲ್ಲಿ ಮೋಸುಲನ್ನು ನೆನೆಯಿರಿ. ನಿನೆವೆಯ ಅವಶೇಷಗಳಿರುವುದು ಇರಾಕಿನ ಆ ನಗರದಲ್ಲೇ. 2014ರಲ್ಲಿ ಐಸಿಸ್ ಅಲ್ಲಿನ ಕ್ರೈಸ್ತರನ್ನು ಮನೆಬಿಟ್ಟು ಓಡಿಸಿತು. ಅದರ ಉತ್ತರಕ್ಕಿರುವ ಅಲ್ಕೋಶ್ ಎಂಬ ಕ್ರೈಸ್ತರ ಊರಿನಲ್ಲಿ ನಹೂಮನದೆಂದು ಪರಂಪರೆ ಹೇಳುವ ಸಮಾಧಿ ಇದೆ. ಯೋನನ ಮಾತಿಗೆ ನಿನೆವೆ ತಿರುಗಿಕೊಂಡದ್ದನ್ನು ನೆನೆದು ಸಿರಿಯಾಕ್ ಪರಂಪರೆಯ ಸಭೆಗಳು ವರ್ಷಕ್ಕೊಮ್ಮೆ ಮೂರು ದಿನ ಉಪವಾಸ ಮಾಡುತ್ತವೆ. ಬೆಂಗಳೂರು, ದಕ್ಷಿಣ ಕನ್ನಡಗಳಲ್ಲಿ ನೆಲೆಸಿರುವ ಕೇರಳ ಮೂಲದ ಸಿರಿಯನ್ ಕ್ರೈಸ್ತ ಕುಟುಂಬಗಳಿಗೆ ಇದು 'ಮೂನ್ನು ನೋಂಬು' ಎಂದು ಪರಿಚಿತ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲಕ್ಕೆ (ಲೆಂಟ್) ಮೂರು ವಾರ ಮುಂಚಿನ ಸೋಮವಾರ ಶುರುವಾಗಿ ಬುಧವಾರ ಮುಗಿಯುವ ಈ ಉಪವಾಸದ ವಾರಕ್ಕೇ ಎರಡನೆಯ ಕೂಟವನ್ನು ಇಟ್ಟುಕೊಳ್ಳಬಹುದು.